ಡಿಕ್ಕಿಯ ಕೆಳಗೊಂದು ಸ್ಕೂಟರ್ ಎಂಜಿನ್: ಬಿಎಂಡಬ್ಲ್ಯು ಐ3 ಜೊತೆ ಮೂರು ವರ್ಷ

ನಮ್ಮ ಕಾರಿಗೆ ಪೆಟ್ರೋಲ್ ಹಾಕಿಸುವುದು ಒಂದು ತಮಾಷೆ. ಮೊದಲು ಸ್ಟೀರಿಂಗ್ ಹತ್ತಿರದ ಒಂದು ಬಟನ್ ಒತ್ತಬೇಕು. ಟ್ಯಾಂಕಿನ ಒತ್ತಡ ಇಳಿಯುವ ತನಕ ಸುಮ್ನೆ ಕೂರಬೇಕು. ಆಮೇಲೆ ಬಲಗಡೆ ಮುಂದಿನ ಚಕ್ರದ ಮೇಲಿರುವ ಮುಚ್ಚಳ ತೆರೆದುಕೊಳ್ಳುತ್ತದೆ. ಎಂಟು ಲೀಟರ್ ಆಗುತ್ತಿದ್ದಂತೆ ಪಂಪ್ ಟಕ್ ಅಂತ ನಿಂತುಬಿಡುತ್ತದೆ. ಹನ್ನೊಂದು ಪೌಂಡ್ ಚಿಲ್ಲರೆ ಬಿಲ್ಲು. ಕೌಂಟರಿನ ಹುಡುಗ ಒಮ್ಮೆ ಬಿಲ್ಲು ನೋಡಿ, ಹೊರಗಿದ್ದ ಕಾರು ನೋಡಿ, "ಅಷ್ಟೇನಾ?" ಅಂದಿದ್ದ.

ಅಷ್ಟೇ. ಟ್ಯಾಂಕ್ ಇರುವುದೇ ಒಂಬತ್ತು ಲೀಟರ್.

ಇದು ಬಿಎಂಡಬ್ಲ್ಯು ಐ3 ಅನ್ನುವ ಕರೆಂಟ್ ಕಾರು. ಬ್ಯಾಟರಿ ಇಳಿದಾಗ ಕರೆಂಟ್ ತಯಾರಿಸುವ ಸಣ್ಣ ಪೆಟ್ರೋಲ್ ಎಂಜಿನ್, ಅಂದರೆ ರೇಂಜ್ ಎಕ್ಸ್‌ಟೆಂಡರ್ ಇರುವ ಮಾದರಿ. ನಾವಿರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ. 2017ರ ಕಾರು, 2022ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಹೊಸದು ಬೇಕೆಂದರೂ ಸಿಗುವುದಿಲ್ಲ. ಎಂಜಿನ್ ಇರುವ ಮಾದರಿಯನ್ನು ಯುರೋಪಿನಲ್ಲಿ 2018ರಲ್ಲೇ ನಿಲ್ಲಿಸಿದರು. ಜರ್ಮನಿಯ ಲೈಪ್ಜಿಗ್ ಕಾರ್ಖಾನೆಯಲ್ಲಿ ಐ3 ತಯಾರಿಯೇ 2022ಕ್ಕೆ ಮುಗಿಯಿತು. ಭಾರತದಲ್ಲಿ ಇದನ್ನು ಮಾರಲೇ ಇಲ್ಲ. ಹಾಗಾಗಿ ಊರಿಗೆ ಫೋಟೋ ಕಳಿಸಿದಾಗಲೆಲ್ಲ "ಇದ್ಯಾವ ಗಾಡಿ?" ಅನ್ನುವ ಪ್ರಶ್ನೆ ತಪ್ಪಿದ್ದಲ್ಲ.

ಎಂಜಿನ್ ಇದ್ದ ಮೇಲೆ ಇದು ಮಾಮೂಲಿ ಹೈಬ್ರಿಡ್ ಅಲ್ವಾ ಅಂತ ಕೇಳುವವರು ಜಾಸ್ತಿ. ಅಲ್ಲ. ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ನಲ್ಲಿಗೆ ನೀರು ಬರುವುದು ಯಾವಾಗಲೂ ಟ್ಯಾಂಕಿನಿಂದಲೇ. ಕೆಳಗಿರುವ ಸಣ್ಣ ಪಂಪಿನ ಕೆಲಸ ಟ್ಯಾಂಕಿಗೆ ನೀರು ಏರಿಸುವುದು ಮಾತ್ರ. ಇಲ್ಲೂ ಹಾಗೇ. ಚಕ್ರ ತಿರುಗಿಸುವುದು 170 ಎಚ್‌ಪಿಯ ಕರೆಂಟ್ ಮೋಟರ್. ಡಿಕ್ಕಿಯ ಕೆಳಗೆ ಬಿಎಂಡಬ್ಲ್ಯುನ ದೊಡ್ಡ ಸ್ಕೂಟರಿನ 647 ಸಿಸಿ ಎಂಜಿನ್ ಇದೆ. ಅದು ಕರೆಂಟ್ ತಯಾರಿಸುತ್ತದೆ, ಅದೂ ಸ್ವಲ್ಪವೇ. ಚಕ್ರಕ್ಕೂ ಅದಕ್ಕೂ ನೇರ ಸಂಬಂಧವೇ ಇಲ್ಲ. ಬ್ಯಾಟರಿ 33 ಕಿಲೋವ್ಯಾಟ್ ಅವರ್, ಅದರಲ್ಲಿ ಬಳಕೆಗೆ ಸಿಗುವುದು ಸುಮಾರು 27. ಬೇಸಿಗೆಯಲ್ಲಿ ನನಗೆ 100 ಮೈಲಿ ಬರುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿ ಮೋಟರ್‌ವೇ ಹತ್ತಿದರೆ 80. ಪೆಟ್ರೋಲ್ ಟ್ಯಾಂಕ್ ತುಂಬಿದ್ದರೆ ಮೇಲೆ ಇನ್ನೊಂದು 70.

ಓಡಿಸುವ ಮಜಾ ಗೊತ್ತಾಗಬೇಕೆಂದರೆ ನಮ್ಮೂರಿಗೇ ಬರಬೇಕು. ಮಿಲ್ಟನ್ ಕೀನ್ಸ್‌ನಲ್ಲಿ ರೌಂಡ್‌ಅಬೌಟ್ ಬಿಟ್ಟರೆ ರೌಂಡ್‌ಅಬೌಟ್. ನೂರಕ್ಕೂ ಹೆಚ್ಚಿವೆ. ಬೇರೆ ಕಾರಿನಲ್ಲಿ ಇದು ಬ್ರೇಕ್, ಗೇರ್, ಆಕ್ಸಿಲರೇಟರ್, ಮತ್ತೆ ಬ್ರೇಕ್. ಇದರಲ್ಲಿ ಒಂದೇ ಪೆಡಲ್. ಕಾಲು ಸ್ವಲ್ಪ ಸಡಿಲಿಸಿದರೆ ಕಾರು ತಾನೇ ನಿಧಾನವಾಗುತ್ತದೆ, ಬ್ಯಾಟರಿಗೆ ನಾಲ್ಕು ಕಾಸು ವಾಪಸ್ ಬರುತ್ತದೆ. ಪೂರ್ತಿ ಬಿಟ್ಟರೆ ನಿಂತೇಬಿಡುತ್ತದೆ. ಸಂದಿ ಕಂಡ ತಕ್ಷಣ ಒತ್ತಿದರೆ ಹಿಂದಿನಿಂದ ಯಾರೋ ದಬ್ಬಿದ ಹಾಗೆ ನುಗ್ಗುತ್ತದೆ. ಮೊದಲ ವಾರ ಹೆಂಡತಿಗೆ ತಲೆ ಸುತ್ತು ಬಂತು. ತಪ್ಪು ಕಾರಿನದಲ್ಲ, ನನ್ನ ಕಾಲಿನದು. ಅಭ್ಯಾಸ ಆಗಲು ಹದಿನೈದು ದಿನ ಬೇಕು. ಇನ್ನು ತಿರುಗುವುದಂತೂ ಆಟೋ ತಿರುಗಿದ ಹಾಗೆ! ಹತ್ತು ಮೀಟರಿಗಿಂತ ಕಡಿಮೆ ಜಾಗದಲ್ಲಿ ಒಂದು ಸುತ್ತು ಹಾಕುತ್ತದೆ.

ಮೋಟರ್‌ವೇಯಲ್ಲಿ ಅಷ್ಟು ಖುಷಿ ಇಲ್ಲ. ಎತ್ತರದ ಕಾರು, ಸಪೂರ ಟೈರು. ಪಕ್ಕದಲ್ಲಿ ಲಾರಿ ಹಾದುಹೋದಾಗ ಸ್ಟೀರಿಂಗ್ ಗಟ್ಟಿಯಾಗಿ ಹಿಡಿಯಬೇಕು. ಗುಂಡಿ ಸಿಕ್ಕರೆ ಸೊಂಟಕ್ಕೇ ಸುದ್ದಿ ಮುಟ್ಟುತ್ತದೆ.

ಹೋದ ಚಳಿಗಾಲದಲ್ಲಿ ಗದಗದಿಂದ ಅವ್ವ ಬಂದಿದ್ದಳು. ಹೀಥ್ರೋದಿಂದ ಕರೆತರಲು ಒಬ್ಬನೇ ಹೋಗಿದ್ದೆ, ಅದು ಒಳ್ಳೇದಾಯಿತು. ಡಿಕ್ಕಿ 260 ಲೀಟರ್ ಮಾತ್ರ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿದ ಎರಡು ದೊಡ್ಡ ಸೂಟ್‌ಕೇಸ್ ಅಲ್ಲಿ ಹಿಡಿಸಲಿಲ್ಲ. ಹಿಂದಿನ ಒಂದು ಸೀಟು ಮಡಚಿದ ಮೇಲೆ ಕೂತವು. ಅವ್ವ ಮುಂದೆ ಕೂತು ಡ್ಯಾಶ್‌ಬೋರ್ಡ್ ಸವರಿದಳು. "ಇಷ್ಟ ರೊಕ್ಕಾ ಕೊಟ್ಟು ತಟ್ಟು ಬಡದ ಗಾಡಿ ತಗೊಂಡಿಯೇನೋ?"

ತಟ್ಟು ಅಂದರೆ ಗೋಣಿ ಬಟ್ಟೆ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಅದು ಕೆನಾಫ್ ನಾರು. ಕೆನಾಫ್ ಎಂದರೆ ಬೇರೆ ಯಾವುದೋ ಅಲ್ಲ, ನಮ್ಮ ಪುಂಡಿ ಜಾತಿಯ ಗಿಡ. ನಮ್ಮ ಕಡೆ ಎಳೆ ಎಲೆ ಪಲ್ಯಕ್ಕೆ, ಬಲಿತ ಕಾಂಡದ ನಾರು ಹಗ್ಗಕ್ಕೆ. ಜರ್ಮನಿಯವರು ಅದನ್ನೇ ಒತ್ತಿ ಡ್ಯಾಶ್‌ಬೋರ್ಡಿಗೂ ಬಾಗಿಲಿಗೂ ಹಾಕಿದ್ದಾರೆ. ಬಣ್ಣ ಕೂಡ ಬಳಿದಿಲ್ಲ, ಎಳೆ ಎಳೆಯಾಗಿ ಕಾಣುತ್ತದೆ. ಹೊರಗೆ ಪ್ಲಾಸ್ಟಿಕ್ ಹಾಳೆ, ಅದರಡಿ ಕಾರ್ಬನ್ ಫೈಬರ್ ಚೌಕಟ್ಟು, ಒಳಗೆ ಪುಂಡಿ ನಾರು. ಇದನ್ನು ಹೇಳಿದಾಗ ಅವ್ವ ಇನ್ನೊಮ್ಮೆ ಸವರಿ, "ಹೌದ್ ನೋಡು" ಅಂದಳು. ಆಮೇಲೆ ಕಾರಿನ ಬಗ್ಗೆ ಅವಳಿಗೆ ಸ್ವಲ್ಪ ಮರ್ಯಾದೆ ಬಂತು.

ಆ ಮರ್ಯಾದೆ ಹಿಂದಿನ ಬಾಗಿಲು ನೋಡುವ ತನಕ ಮಾತ್ರ. ಹಿಂದಿನ ಬಾಗಿಲುಗಳು ಉಲ್ಟಾ ತೆರೆದುಕೊಳ್ಳುತ್ತವೆ, ಅದೂ ಮುಂದಿನ ಬಾಗಿಲು ತೆಗೆದ ಮೇಲೆಯೇ. ಎರಡೂ ತೆರೆದರೆ ನಡುವೆ ಕಂಬವಿಲ್ಲ, ಮನೆ ಹೆಬ್ಬಾಗಿಲಿನಷ್ಟು ಜಾಗ. ಚೆನ್ನಾಗಿದೆ. ಆದರೆ ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಎರಡು ಕಾರುಗಳ ನಡುವೆ ನಿಲ್ಲಿಸಿ ನೋಡಿ. ಎರಡು ಬಾಗಿಲ ಮಧ್ಯೆ ನೀವೇ ಸಿಕ್ಕಿಕೊಳ್ಳುತ್ತೀರಿ. ಹಿಂದೆ ಕೂತವರು ತಾವಾಗಿ ಇಳಿಯುವ ಹಾಗಿಲ್ಲ, ಮುಂದಿನವರು ಬೆಲ್ಟ್ ಬಿಚ್ಚಿ ಬಾಗಿಲು ತೆಗೆಯಬೇಕು. ಕಿಟಕಿಯ ಗಾಜೂ ಇಳಿಯುವುದಿಲ್ಲ. "ಕೂಡಿ ಹಾಕಿದಂಗ ಆತಲ್ಲೋ" ಅಂದ ಅವ್ವ ಮತ್ತೆ ಹಿಂದೆ ಕೂರಲೇ ಇಲ್ಲ. ಅವಳು ಇರುವಷ್ಟು ದಿನ ಹೆಂಡತಿ ಮತ್ತು ಮಗಳು ಹಿಂದೆ. ಸೀಟು ನಾಲ್ಕೇ. ಐದನೆಯವರು ಬಂದರೆ ಬಸ್ಸೇ ಗತಿ.

ಎಂಜಿನ್ನಿಗೆ ನಿಜವಾದ ಪರೀಕ್ಷೆಯಾಗಿದ್ದು ಅವ್ವನಿಂದಲೇ. ಲಂಡನ್ನಿನ ಬಸವಣ್ಣನವರ ಮೂರ್ತಿ ನೋಡಬೇಕೆಂದಳು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ, 2015ರ ನವೆಂಬರ್‌ನಲ್ಲಿ ಅನಾವರಣವಾಗಿದ್ದು. ನಮ್ಮ ಮನೆಯಿಂದ ಸುಮಾರು 55 ಮೈಲಿ. ಹೋಗಿ ಬಂದರೆ 110. ಹೊರಗೆ ನಾಲ್ಕು ಡಿಗ್ರಿ, ಒಳಗೆ ಅವ್ವನಿಗೆ ಬೆಚ್ಚಗಿರಲೇಬೇಕು. ಬರೀ ಬ್ಯಾಟರಿಯಲ್ಲಿ ಆಗುವ ಮಾತಲ್ಲ.

ಮೂರ್ತಿಯ ಹತ್ತಿರ ತಲುಪಿದಾಗ 31 ಪರ್ಸೆಂಟ್ ಉಳಿದಿತ್ತು. ಅವ್ವ ಕೈ ಮುಗಿದು, ನದಿ ಆಚೆಯ ಪಾರ್ಲಿಮೆಂಟ್ ನೋಡಿ, ಚಳಿ ಅಂತ ವಾಪಸ್ ಬಂದು ಕೂತಳು. ಊರು ದಾಟಿ ಎಂ1 ಮೋಟರ್‌ವೇ ಹತ್ತುವ ಹೊತ್ತಿಗೆ 22. ಅಲ್ಲಿ ಪರದೆಯ ಮೆನುವಿಗೆ ಹೋಗಿ, ಇರುವ ಚಾರ್ಜನ್ನು ಹಾಗೇ ಹಿಡಿದಿಡುವ ಆಯ್ಕೆ ಒತ್ತಿದೆ. ಚಾರ್ಜ್ 75 ಪರ್ಸೆಂಟ್‌ಗಿಂತ ಕೆಳಗಿದ್ದರೆ ಹೀಗೆ ಎಂಜಿನ್ ಶುರು ಮಾಡಬಹುದು. ಅಮೆರಿಕದಲ್ಲಿ ಮಾರಿದ ಇದೇ ಕಾರಿಗೆ ಈ ಆಯ್ಕೆ ಕೊಟ್ಟಿರಲಿಲ್ಲ. ಕ್ಯಾಲಿಫೋರ್ನಿಯಾದ ನಿಯಮದ ಪ್ರಕಾರ ಬ್ಯಾಟರಿ ತಳ ಮುಟ್ಟಿದ ಮೇಲೆಯೇ ಎಂಜಿನ್ ಏಳಬೇಕಿತ್ತು. ಏರು ರಸ್ತೆ ಬಂದರೆ ಈ ಸಣ್ಣ ಎಂಜಿನ್ ಎಲ್ಲಿ ಸಾಕಾಗುತ್ತದೆ? ಮತ್ತೆ ಆ ನೀರಿನ ಟ್ಯಾಂಕಿನ ಹೋಲಿಕೆಯೇ: ಟ್ಯಾಂಕ್ ಖಾಲಿ, ನಲ್ಲಿ ಪೂರ್ತಿ ತೆರೆದಿದೆ, ಪಂಪ್ ಮಾತ್ರ ಚಿಕ್ಕದು. ಕಾರು ತೆವಳಲು ಶುರು ಮಾಡುತ್ತದೆ. ಆದ್ದರಿಂದ ಎಂಜಿನ್ ಬೇಗ ಶುರು ಮಾಡಿ, ಬ್ಯಾಟರಿಯನ್ನು ಏರಿಗೆ ಉಳಿಸಿಕೊಳ್ಳುವುದೇ ಜಾಣತನ.

ಎಂಜಿನ್ ಎದ್ದಿದ್ದು ಮುಂದೆ ಕೂತ ಅವ್ವನಿಗೆ ಗೊತ್ತೇ ಆಗಲಿಲ್ಲ. ಹಿಂದಿನಿಂದ ಮಗಳು, "ಅಪ್ಪಾ, ಯಾರೋ ಹುಲ್ಲು ಕತ್ತರಿಸ್ತಾ ಇದಾರೆ" ಅಂದಳು. ಸರಿಯಾದ ವರ್ಣನೆ! ಸ್ಪೀಡ್ ಹೆಚ್ಚಿದಷ್ಟೂ ಆ ಮಷಿನ್ ಗೊರಗೊರ ಹೆಚ್ಚುತ್ತದೆ. ಗಂಟೆಗೆ 65 ಮೈಲಿಯಲ್ಲಿ ಹೋದರೆ ಚಾರ್ಜ್ ಹಾಗೇ ನಿಲ್ಲುತ್ತದೆ. 70 ದಾಟಿ, ಎದುರುಗಾಳಿಯೂ ಇದ್ದರೆ ಒಂದೊಂದೇ ಪರ್ಸೆಂಟ್ ಜಾರುತ್ತದೆ.

ದಾರಿಯಲ್ಲಿ ಮೋಟರ್‌ವೇ ಪಕ್ಕದ ಒಂದು ಸರ್ವೀಸಸ್‌ನಲ್ಲಿ (ಊಟ, ಪೆಟ್ರೋಲ್, ಚಾರ್ಜರ್ ಇರುವ ತಂಗುದಾಣ) ಟೀ ಕುಡಿಯಲು ನಿಲ್ಲಿಸಿದೆವು. ಹೇಗೂ ನಿಂತಿದ್ದೇವೆ, ಚಾರ್ಜ್ ಮಾಡೋಣ ಅಂತ ಹೋದರೆ ಎರಡು ಚಾರ್ಜರ್ ಕೆಟ್ಟಿವೆ, ಮೂರನೆಯದಕ್ಕೆ ಇಬ್ಬರು ಕಾಯುತ್ತಿದ್ದಾರೆ. ಅದರಲ್ಲೊಬ್ಬ ಆಸಾಮಿ ಕಾರೊಳಗೆ ಕಂಬಳಿ ಹೊದ್ದು ಕೂತಿದ್ದ. ಹೀಟರ್ ಹಾಕಿದರೆ ಚಾರ್ಜ್ ಹೋಗುತ್ತದೆ ಅನ್ನುವ ಭಯ. ನಾವು ಟೀ ಕುಡಿದು ಹೊರಟೆವು. ಮನೆ ಮುಟ್ಟಿದಾಗ 15 ಪರ್ಸೆಂಟ್ ಇತ್ತು. ಮರುದಿನ ಟ್ಯಾಂಕಿಗೆ ಹಿಡಿದಿದ್ದು ಐದೂವರೆ ಲೀಟರ್.

ಲೆಕ್ಕ ಹಾಕಿದರೆ ನನ್ನ ಎಂಜಿನ್ ಓಡುವುದು ವರ್ಷಕ್ಕೆ 500 ಮೈಲಿ. ಕಾರು ಓಡುವುದು 8,000. ಅದಕ್ಕಾಗಿ ಸುಮಾರು 120 ಕೆಜಿ ಹೊತ್ತುಕೊಂಡು ತಿರುಗಬೇಕಾ? ಆಯಿಲ್ ಬದಲಿಸುವ ತಲೆನೋವು ಬೇರೆ. ಬಹಳ ದಿನ ಬಳಸದಿದ್ದರೆ ತಾನೇ ಎದ್ದು ಕೆಲವು ನಿಮಿಷ ಓಡಿ ಮಲಗುತ್ತದೆ. ಮೊದಲ ಸಲ ಹಾಗಾದಾಗ ಏನೋ ಕೆಟ್ಟಿತು ಅಂತ ಗಾಬರಿಯಾಗಿದ್ದೆ. ನನ್ನ ಉತ್ತರ, ಬೇಕು ಅಂತಲೇ. ಅದು ಕೊಡುವ 70 ಮೈಲಿಗಲ್ಲ. ಬರೀ ಬ್ಯಾಟರಿಯ ಕಾರಿರುವ ಗೆಳೆಯ 25 ಪರ್ಸೆಂಟ್ ಆದಾಗಲೇ ಚಾರ್ಜರ್ ಹುಡುಕಲು ಶುರು ಮಾಡುತ್ತಾನೆ. ಅಂದರೆ ಕಾಲು ಭಾಗ ಬ್ಯಾಟರಿ ಅವನ ಪಾಲಿಗೆ ಇದ್ದೂ ಇಲ್ಲ. ನಾನು ತಳ ಕೆರೆದು ಬಳಸುತ್ತೇನೆ. ಐದು ಪರ್ಸೆಂಟ್ ಇಟ್ಟುಕೊಂಡು ಮಗಳ ಈಜಿನ ಕ್ಲಾಸಿಗೆ ಹೋಗಿ ಬಂದಿದ್ದೇನೆ. ರಾತ್ರಿ ದರದಲ್ಲಿ ಯೂನಿಟ್‌ಗೆ 7 ಪೆನ್ಸ್. ಎರಡು ಪೌಂಡಿನೊಳಗೆ, ನಾಲ್ಕು ಗಂಟೆಯಲ್ಲಿ ಫುಲ್. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಇದರ ಹತ್ತು ಪಟ್ಟು ಕೊಡಬೇಕು. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲ ಇಲ್ಲದವರು ಈ ಕಾರಿನ ಗೋಜಿಗೇ ಹೋಗಬೇಡಿ.

ಟೈರಿನ ಬಗ್ಗೆ ಒಂದು ಮಾತು. ಮುಂದೆ 155/70, ಹಿಂದೆ 175/60, ಎರಡೂ 19 ಇಂಚು. ಇಂಥ ಅಳತೆ ಬೇರೆ ಕಾರಿಗೆ ಅಪರೂಪ, ಸ್ಟೆಪ್ನಿಯೂ ಇಲ್ಲ. ಒಮ್ಮೆ ಮೊಳೆ ಚುಚ್ಚಿ ಹಿಂದಿನ ಟೈರ್ ಹೋಯಿತು. ಅಂಗಡಿಯವನು ನಂಬರ್ ಓದಿ ನಕ್ಕ. ಟೈರ್ ತರಿಸಲು ಮೂರು ದಿನ, ಆ ಮೂರು ದಿನ ನಾನು ಸೈಕಲ್.

ಹಳೆಯದು ನೋಡಲು ಹೋಗುವವರಿಗೆ ಒಂದು ಮಾತು. ಮಾರುವವರು ಕಾರನ್ನು ಫುಲ್ ಚಾರ್ಜ್ ಮಾಡಿ ನಿಲ್ಲಿಸಿರುತ್ತಾರೆ, ಉಪಕಾರ ಮಾಡಿದ ಹಾಗೆ. 75 ಪರ್ಸೆಂಟ್ ಮೇಲಿದ್ದರೆ ಎಂಜಿನ್ ಏಳುವುದೇ ಇಲ್ಲ, ನೀವು ಅರ್ಧ ಕಾರು ಮಾತ್ರ ನೋಡಿ ಬಂದಿರುತ್ತೀರಿ. ಮೊದಲೇ ಫೋನ್ ಮಾಡಿ, 60ಕ್ಕೆ ಇಳಿಸಿ ಇಡಲು ಹೇಳಿ. ನನಗೆ ಆಗ ಇದು ಹೊಳೆದಿರಲಿಲ್ಲ. ಹೋದಾಗ ನೂರಕ್ಕೆ ನೂರು ಚಾರ್ಜ್ ಇತ್ತು. ಅದನ್ನು ಇಳಿಸಲು ಹೀಟರ್ ಜೋರು ಮಾಡಿಕೊಂಡು ಇಪ್ಪತ್ತೈದು ಮೈಲಿ ಸುತ್ತಿದೆ. ಮಾರುವವನು ಪಕ್ಕದಲ್ಲಿ ಜಾಕೆಟ್ ಬಿಚ್ಚಿ ಕೂತು, ಬೆವರು ಒರೆಸಿಕೊಳ್ಳುತ್ತಾ ವಾಚ್ ನೋಡುತ್ತಲೇ ಇದ್ದ.