ಹಳೆಯ ಹೋಂಡಾ ಸಿಟಿ: ಮೂರನೆಯ ತಲೆಮಾರೋ, ನಾಲ್ಕನೆಯದೋ?

ಐದು ಜನ ಕೂರುವ, ಡಿಕ್ಕಿ ದೊಡ್ಡದಿರುವ, ಡೀಸೆಲ್ ಅಲ್ಲದ ಒಂದು ಸೆಕೆಂಡ್ ಹ್ಯಾಂಡ್ ಸೆಡಾನ್ ಬೇಕೆಂದು ದಾವಣಗೆರೆಯಲ್ಲಿ ವಿಚಾರಿಸತೊಡಗಿದರೆ, ನಾಲ್ಕು ಜನ ಹೇಳುವ ಹೆಸರುಗಳಲ್ಲಿ ಹೋಂಡಾ ಸಿಟಿ ಇದ್ದೇ ಇರುತ್ತದೆ. ಆದರೆ ಯಾವ ಸಿಟಿ ಎಂಬುದರಲ್ಲಿ ಒಮ್ಮತವಿಲ್ಲ. 2008ರ ಕೊನೆಯಲ್ಲಿ ಬಂದು 2013ರವರೆಗೆ ಮಾರಾಟವಾದದ್ದು ನಮ್ಮ ದೇಶದ ಲೆಕ್ಕದಲ್ಲಿ ಮೂರನೆಯ ತಲೆಮಾರು. 2014ರ ಜನವರಿಯಲ್ಲಿ ಬಂದದ್ದು ನಾಲ್ಕನೆಯದು. ನನ್ನ ಕೈಗೆಟುಕುವ ಬೆಲೆಯಲ್ಲಿ ಇವೆರಡೇ ಉಳಿದಿದ್ದವು. ಭಾವನವರ ಸಹೋದ್ಯೋಗಿಯೊಬ್ಬರ 2011ರ ಕಾರನ್ನೂ ಚಿತ್ರದುರ್ಗದ ಬಂಧುವೊಬ್ಬರ 2015ರ ಕಾರನ್ನೂ ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದೇ ದಾರಿಗಳಲ್ಲಿ ಓಡಿಸಿ ನೋಡುವ ಅವಕಾಶ ಸಿಕ್ಕಿತು. ಎರಡೂ ಪೆಟ್ರೋಲ್, ಎರಡೂ ಐದು ಗೇರಿನ ಮ್ಯಾನುವಲ್ ಕಾರುಗಳಾಗಿದ್ದುದರಿಂದ ಹೋಲಿಕೆ ಸುಲಭವಾಯಿತು.

ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವುದು ಎಂಜಿನ್ನಿನ ಬಗ್ಗೆ. ವಾಸ್ತವವಾಗಿ ಈ ಎರಡು ಕಾರುಗಳ ನಡುವೆ ಅತಿ ಕಡಿಮೆ ವ್ಯತ್ಯಾಸವಿರುವುದು ಅಲ್ಲಿಯೇ. ಎರಡರಲ್ಲೂ ಇರುವುದು ಹೋಂಡಾ ಐ-ವಿಟೆಕ್ ಎಂದು ಕರೆಯುವ 1,497 ಸಿಸಿಯ ಪೆಟ್ರೋಲ್ ಎಂಜಿನ್. ಹಳೆಯದರ ಶಕ್ತಿ 118 ಪಿಎಸ್ (ಅಶ್ವಶಕ್ತಿಯ ಅಳತೆ), ಹೊಸದರದು 119. ಟಾರ್ಕ್, ಅಂದರೆ ಎಳೆಯುವ ಬಲ, ಹಳೆಯದರಲ್ಲಿ 146 ನ್ಯೂಟನ್ ಮೀಟರ್, ಹೊಸದರಲ್ಲಿ 145. ಕಾಗದದ ಮೇಲೆ ಇದು ಲೆಕ್ಕಕ್ಕೇ ಬಾರದ ಅಂತರ. ಓಡಿಸುವಾಗ ತಿಳಿಯುವ ವ್ಯತ್ಯಾಸ ಬೇರೆ ರೀತಿಯದು. ಆನಗೋಡು ದಾಟಿ ಭರಮಸಾಗರದ ಕಡೆಗೆ ಹೆದ್ದಾರಿಯಲ್ಲಿ ಸಾಲುಗಟ್ಟಿದ ಲಾರಿಗಳನ್ನು ಹಿಂದಿಕ್ಕುವಾಗ ಮೂರನೆಯ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದರೆ, 2011ರ ಕಾರು ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ ಹುರುಪಿನಿಂದ ಮುನ್ನುಗ್ಗುತ್ತದೆ, ಅದರ ಸದ್ದೂ ಕಿವಿಗೆ ಹಿತವಾಗಿದೆ. 2015ರ ಕಾರು ಅದೇ ಕೆಲಸವನ್ನು ಅಷ್ಟೇ ಚುರುಕಾಗಿ ಮಾಡುತ್ತದಾದರೂ ಆ ಉತ್ಸಾಹ ಚಾಲಕನಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಮಂಡಿಪೇಟೆಯ ಇಕ್ಕಟ್ಟಿನಲ್ಲಿ ಮಾತ್ರ ಇದು ತಿರುವುಮುರುವಾಗುತ್ತದೆ. ಕಡಿಮೆ ವೇಗದಲ್ಲಿ ಗೇರ್ ಬದಲಿಸದೆ ತೆವಳಿಕೊಂಡು ಹೋಗಲು ಹೊಸದೇ ಸಲೀಸು, ಸ್ಟಿಯರಿಂಗೂ ಹಗುರ. ಹಳೆಯದರಲ್ಲಿ ಎರಡನೆಯ ಗೇರಿನಿಂದ ಮೊದಲನೆಯದಕ್ಕೆ ಪದೇ ಪದೇ ಇಳಿಯಬೇಕಾಯಿತು.

ಎರಡೂ ಎಂಜಿನ್ನುಗಳಲ್ಲಿ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವುದು ಬೆಲ್ಟ್ ಅಲ್ಲ, ಟೈಮಿಂಗ್ ಚೈನ್. ಬೆಲ್ಟ್ ಬದಲಾಯಿಸುವ ಖರ್ಚಿಲ್ಲ. ಎಂಜಿನ್ನಿನ ಮೇಲ್ಭಾಗದಿಂದ ಟಿಕ್ ಟಿಕ್ ಎನ್ನುವ ಟ್ಯಾಪೆಟ್ ಸದ್ದು ಕೇಳಿಸಿದರೆ ಕೂಡಲೇ ಹೆದರಬೇಕಾಗಿಲ್ಲ, ವಾಲ್ವುಗಳ ಸಂದಿನ ಅಳತೆ (ವಾಲ್ವ್ ಕ್ಲಿಯರೆನ್ಸ್) ಹೊಂದಿಸಿ ಬಹಳ ಕಾಲವಾಗಿದೆ ಎಂದು ಹೆಚ್ಚಾಗಿ ಅದರ ಅರ್ಥ. ಮೈಲೇಜಿನಲ್ಲಿ ನಾಲ್ಕನೆಯ ತಲೆಮಾರು ಸ್ವಲ್ಪ ಮುಂದಿದೆ. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಪ್ರಮಾಣೀಕರಿಸಿದ ಅಂಕಿ ಅದಕ್ಕೆ ಲೀಟರಿಗೆ 17.8 ಕಿ.ಮೀ. ಎಸಿ ಹಾಕಿಕೊಂಡು ಐದು ಜನ ಕೂತಾಗ ಹೆದ್ದಾರಿಯಲ್ಲಿ ನನಗೆ ಸಿಕ್ಕದ್ದು ಹದಿನಾರರ ಆಸುಪಾಸು. ಅದೇ ದಾರಿಯಲ್ಲಿ ಹಳೆಯದು ಹದಿನಾಲ್ಕೂವರೆಯ ಹತ್ತಿರ ನಿಂತಿತು. ತಿಂಗಳಿಗೆ ಐದಾರು ನೂರು ಕಿಲೋಮೀಟರ್ ಓಡಿಸುವ ನಮ್ಮಂಥವರಿಗೆ ಈ ಉಳಿತಾಯ ಅಷ್ಟೇನೂ ದೊಡ್ಡದಲ್ಲ.

ನನ್ನ ತೀರ್ಮಾನವನ್ನು ನಿಜವಾಗಿ ನಿರ್ಧರಿಸಿದ್ದು ಹಿಂದಿನ ಸೀಟು. ಕಾರು ನೋಡಲು ಹೋಗುವವರಲ್ಲಿ ಹೆಚ್ಚಿನವರು ಚಾಲಕನ ಸೀಟಿನಲ್ಲಿ ಕೂತು, ಒಂದು ಸುತ್ತು ಓಡಿಸಿ, ಬಾನೆಟ್ ಎತ್ತಿ ನೋಡಿ ಬೆಲೆಯ ಮಾತಿಗೆ ಇಳಿಯುತ್ತಾರೆ. ಆದರೆ ಸಂಸಾರದ ಕಾರಿನಲ್ಲಿ ಹೆಚ್ಚಿನ ಜನ ಕೂರುವುದು ಹಿಂದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಮೂರನೆಯ ತಲೆಮಾರಿನಲ್ಲಿ 2,550 ಮಿ.ಮೀ. ಇದ್ದದ್ದು ನಾಲ್ಕನೆಯದರಲ್ಲಿ 2,600 ಆಯಿತು. ಐವತ್ತು ಮಿಲಿಮೀಟರ್ ಎಂದರೆ ಮೂರು ಬೆರಳಿನ ಅಗಲಕ್ಕಿಂತ ಹೆಚ್ಚಲ್ಲ ಎನಿಸಬಹುದು. ಆ ಜಾಗವೆಲ್ಲ ಹಿಂದೆ ಕೂತವರ ಮೊಣಕಾಲಿನ ಮುಂದೆ ಸಿಕ್ಕಾಗ ಅದರ ಬೆಲೆ ಗೊತ್ತಾಗುತ್ತದೆ. ಸಂಧಿವಾತದಿಂದ ಬಳಲುವ ನನ್ನ ತಾಯಿ ಹಳೆಯ ಕಾರಿನಲ್ಲಿ ಚಿತ್ರದುರ್ಗ ತಲುಪುವ ಹೊತ್ತಿಗೆ ಎರಡು ಬಾರಿ ಇಳಿದು ಕಾಲಾಡಿಸಿದ್ದರು. ಹೊಸದರಲ್ಲಿ ಕೂತ ಸ್ವಲ್ಪ ಹೊತ್ತಿಗೇ "ಇದ್ರಾಗ ಕಾಲು ಚಾಚೋಕೆ ಬರ್ತೈತಿ ನೋಡಪ್ಪ" ಎಂದರು. ಅವರಿಗೆ ಕಾರಿನ ವರ್ಷವನ್ನಾಗಲಿ ಬೆಲೆಯನ್ನಾಗಲಿ ನಾನು ಹೇಳಿರಲಿಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು ಹಿಂದಿನ ಎಸಿ ಕಿಂಡಿ. ಮೂರನೆಯ ತಲೆಮಾರಿನಲ್ಲಿ ಹಿಂದೆ ಕೂತವರಿಗೆ ಪ್ರತ್ಯೇಕ ಕಿಂಡಿಗಳಿಲ್ಲ. ನಾಲ್ಕನೆಯದರ ಮೇಲ್ದರ್ಜೆಯ ಮಾದರಿಗಳಲ್ಲಿವೆ. ಹವೆ ತಂಪಾಗಿರುವ ಊರಿನವರು ಇದನ್ನು ಶೋಕಿಯೆಂದು ತಳ್ಳಿಹಾಕಬಹುದು. ಏಪ್ರಿಲ್‌ನ ಮಧ್ಯಾಹ್ನ ದಾವಣಗೆರೆಯಲ್ಲಿ ಬಿಸಿಲಿಗೆ ನಿಲ್ಲಿಸಿದ್ದ ಕಾರನ್ನು ತೆಗೆದು ಜಗಳೂರಿನ ಕಡೆಗೆ ಹೊರಟವರು ಹಾಗೆ ಹೇಳಲಾರರು. ಹಳೆಯ ಕಾರಿನ ಎಸಿ ದುರ್ಬಲವೇನಲ್ಲ, ಮುಂದೆ ಕೂತವರಿಗೆ ಬೇಗನೆ ಚಳಿ ಹಿಡಿಸುವಷ್ಟು ತಂಪು ಬರುತ್ತದೆ. ತೊಂದರೆ ಇರುವುದೂ ಅಲ್ಲಿಯೇ. ಹಿಂದೆ ಮಕ್ಕಳು ಬೆವರುತ್ತಿದ್ದರೆಂದು ಫ್ಯಾನ್ ಹೆಚ್ಚಿಸಿದೆ, ಮುಂದೆ ಕೂತ ನನ್ನ ಹೆಂಡತಿ ಸೆರಗು ಹೊದ್ದುಕೊಂಡಳು. ಹೊಸ ಕಾರಿನಲ್ಲಿ ಈ ಜಗಳವೇ ಹುಟ್ಟಲಿಲ್ಲ.

ಹಾಗೆಂದು ನಾಲ್ಕನೆಯ ತಲೆಮಾರಿನ ಒಳಾಂಗಣವೆಲ್ಲ ಮೆಚ್ಚುವಂಥದ್ದಲ್ಲ. ಎಸಿಗೆ ಗುಂಡಿಗಳ ಬದಲು ಮುಟ್ಟಿದರೆ ಕೆಲಸ ಮಾಡುವ ನುಣುಪಾದ ಫಲಕವನ್ನು ಕೊಟ್ಟಿದ್ದಾರೆ. ಓಡಿಸುತ್ತಿರುವಾಗ ರಸ್ತೆಯಿಂದ ಕಣ್ಣು ತೆಗೆಯದೆ ಅದನ್ನು ಬಳಸಲಾಗದು. 2011ರ ಕಾರಿನ ತಿರುಗಿಸುವ ಗುಂಡಿಗಳು ಕತ್ತಲಲ್ಲೂ ಕೈಗೆ ಸಿಗುತ್ತವೆ. ಬಾಗಿಲು ಮುಚ್ಚುವಾಗ ಬರುವ ಸದ್ದಿನಲ್ಲೂ ಹಳೆಯದೇ ಗಟ್ಟಿಯೆನಿಸಿತು. ಡಿಕ್ಕಿ 506 ಲೀಟರ್ ಇದ್ದದ್ದು 510 ಆಗಿದೆ. ಮದುವೆಗೆ ಹೊರಟ ಕುಟುಂಬದ ಸಾಮಾನು ಎರಡರಲ್ಲೂ ಹಿಡಿಯುತ್ತದೆ.

ಹಳ್ಳಿಯ ರಸ್ತೆಯ ವಿಷಯದಲ್ಲಿ ಎರಡಕ್ಕೂ ಪೂರ್ಣ ಅಂಕ ಕೊಡಲಾರೆ. ಇವು ನೆಲಕ್ಕೆ ಹತ್ತಿರವಾಗಿ ಕೂತ ಕಾರುಗಳು. ಐದು ಜನ ಕೂತು ಡಿಕ್ಕಿ ತುಂಬಿದಾಗ, ಊರ ಮುಂದೆ ಯಾರದೋ ಮನಸ್ಸಿಗೆ ಬಂದಂತೆ ಹಾಕಿದ ಹಂಪುಗಳ ಮೇಲೆ ಎರಡರ ಹೊಟ್ಟೆಯೂ ಉಜ್ಜಿತು. ಅಡ್ಡವಾಗಿ, ಒಂದೊಂದೇ ಗಾಲಿ ಹತ್ತಿಸಿದರೆ ಮಾತ್ರ ಪಾರು. ಸಸ್ಪೆನ್ಷನ್ನಿನ ರಚನೆ ಎರಡರಲ್ಲೂ ಒಂದೇ ಬಗೆಯದು: ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಷನ್ ಬೀಮ್. ಗುಂಡಿಗಳಲ್ಲಿ ಹೊಸದು ಮೆತ್ತಗೆ ಹಾಯುತ್ತದೆ. ಹಳೆಯದರಲ್ಲಿ ಮುಂದಿನಿಂದ ಕಟಕಟ ಸದ್ದು ಬಂತು. ಆದರೆ ಈ ಸದ್ದನ್ನು ತಲೆಮಾರಿನ ದೋಷವೆಂದು ಎಣಿಸುವುದು ನ್ಯಾಯವಲ್ಲ. ಲಿಂಕ್ ರಾಡ್, ಲೋವರ್ ಆರ್ಮ್ ಬುಷ್, ಎಂಜಿನ್ ಮೌಂಟ್ ಎಲ್ಲವೂ ವಯಸ್ಸಾದ ಮೇಲೆ ಸವೆಯುವ ಭಾಗಗಳು. ಎರಡನ್ನೂ ಲಿಫ್ಟಿಗೆ ಏರಿಸಿ ನೋಡಿದ ಮೆಕ್ಯಾನಿಕ್ "ಎಂಜಿನ್ ಬಗ್ಗೆ ಚಿಂತಿ ಬಿಡ್ರಿ ಸಾರ್, ಕೆಳಗಿನ ಕೆಲಸಕ್ಕೆ ಒಂದಿಷ್ಟು ದುಡ್ಡು ತೆಗೆದಿಡ್ರಿ" ಎಂದದ್ದು ಎರಡು ಕಾರುಗಳಿಗೂ ಅನ್ವಯಿಸುತ್ತಿತ್ತು, ಮೊತ್ತ ಮಾತ್ರ ಹಳೆಯದಕ್ಕೆ ಹೆಚ್ಚು.

ಇನ್ನು ಕಾಗದಪತ್ರಗಳ ಲೆಕ್ಕ. ಖಾಸಗಿ ಕಾರಿನ ನೋಂದಣಿಗೆ ಮೊದಲು 15 ವರ್ಷಗಳ ಅವಧಿ. ಆ ಬಳಿಕ ಆರ್‌ಟಿಒ ಕಚೇರಿಗೆ ಕಾರನ್ನು ಒಯ್ದು ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಲಾಗಿದೆ, ಇದರ ಜೊತೆಗೆ ಹಳೆಯ ವಾಹನಗಳ ಮೇಲಿನ ಹಸಿರು ತೆರಿಗೆಯೂ ಇದೆ. 2011ರ ಕಾರಿಗೆ 15 ತುಂಬುವುದು 2026ರಲ್ಲಿ, 2015ರದಕ್ಕೆ 2030ರಲ್ಲಿ. ಶುಲ್ಕಕ್ಕಿಂತ ಹೆಚ್ಚಿನ ತಲೆನೋವು ಮರುಮಾರಾಟದ್ದು; ನವೀಕರಣದ ಹೊಸ್ತಿಲಲ್ಲಿರುವ ಕಾರನ್ನು ಕೇಳುವವರು ಕಡಿಮೆ, ಅಷ್ಟು ಹಳೆಯದಕ್ಕೆ ಸಾಲ ಸಿಗುವುದೂ ಕಷ್ಟ. ನನಗೆ ಹೇಳಿದ ಬೆಲೆಗಳ ನಡುವೆ ಸುಮಾರು ಎರಡು ಲಕ್ಷ ರೂಪಾಯಿಗಳ ಅಂತರವಿತ್ತು. ಮೊದಲು ಅದು ದೊಡ್ಡದೆನಿಸಿತು. ಹಳೆಯದರ ಕೆಳಭಾಗದ ಕೆಲಸ, ನಾಲ್ಕು ಟೈರು, ನವೀಕರಣದ ಖರ್ಚು ಸೇರಿಸಿ, ಕೊನೆಗೆ ಮಾರುವಾಗ ಬರುವ ಹಣವನ್ನೂ ಲೆಕ್ಕ ಹಾಕಿದ ಮೇಲೆ ಅರ್ಧಕ್ಕೆ ಇಳಿಯಿತು.

ಡೀಸೆಲ್ ಸಿಟಿ ಸಿಗುವುದು ನಾಲ್ಕನೆಯ ತಲೆಮಾರಿನಿಂದ ಮಾತ್ರ. 100 ಪಿಎಸ್ ಶಕ್ತಿ, 200 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರು, ಕಾಗದದ ಮೇಲೆ ಲೀಟರಿಗೆ 26 ಕಿ.ಮೀ. ವಾರವಾರ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿಬರುವ ವ್ಯಾಪಾರಿಗಳಿಗೆ ಅದು ಸರಿ. ಎಂಜಿನ್ ಸದ್ದು ಒಳಗೆ ಎದ್ದು ಕೇಳಿಸುತ್ತದೆ, ಅಂಥ ಕಾರುಗಳು ಹೆಚ್ಚಾಗಿ ಲಕ್ಷ ಕಿಲೋಮೀಟರ್ ದಾಟಿದ ಮೇಲೆಯೇ ಮಾರಾಟಕ್ಕೆ ಬರುತ್ತವೆ. ನಾನು ಅದನ್ನು ಮುಂದುವರಿಸಲಿಲ್ಲ.

ಕೊನೆಗೆ 2015ರ ಕಾರನ್ನೇ ತೆಗೆದುಕೊಂಡೆ. ಚಾಲಕನ ಸುಖವೊಂದನ್ನೇ ನೋಡುವುದಾದರೆ ನನ್ನ ಮತ ಇಂದಿಗೂ ಹಳೆಯದಕ್ಕೆ, ಒಬ್ಬರೋ ಇಬ್ಬರೋ ಓಡಾಡುವ ಮನೆಯವರಿಗೆ ಅದನ್ನೇ ಸೂಚಿಸುತ್ತೇನೆ. ಹಾಗೆ ಕೊಳ್ಳುವವರು 2011ರ ಕೊನೆಯಲ್ಲಿ ಪರಿಷ್ಕರಿಸಿ ಬಿಡುಗಡೆ ಮಾಡಿದ ರೂಪವನ್ನು, ಅಂದರೆ 2012 ಅಥವಾ 2013ರ ಕಾರನ್ನು ಹುಡುಕುವುದು ಮೇಲು. ನೋಂದಣಿಯ ಅವಧಿಯಲ್ಲಿ ಒಂದೆರಡು ವರ್ಷ ಹೆಚ್ಚು ಸಿಗುತ್ತದೆ. ಆದರೆ ಆ ವರ್ಷಗಳ ಸಿಟಿ ಕಾರುಗಳನ್ನು ಟಕಾಟಾ ಎಂಬ ಕಂಪನಿ ಮಾಡಿದ ಏರ್‌ಬ್ಯಾಗ್ ಇನ್‌ಫ್ಲೇಟರ್ (ಏರ್‌ಬ್ಯಾಗನ್ನು ಉಬ್ಬಿಸುವ ಭಾಗ) ಬದಲಾಯಿಸಲು ಹೋಂಡಾ ಹಿಂದಕ್ಕೆ ಕರೆಸಿತ್ತು. ಚಾಸಿಸ್ ನಂಬರ್ ಕೊಟ್ಟರೆ ಆ ಕೆಲಸ ಆಗಿದೆಯೋ ಇಲ್ಲವೋ ಎಂದು ಶೋರೂಮಿನಲ್ಲಿ ಹೇಳುತ್ತಾರೆ, ಬಾಕಿಯಿದ್ದರೆ ಉಚಿತವಾಗಿ ಮಾಡಿಕೊಡುತ್ತಾರೆ. ನಾಲ್ಕನೆಯ ತಲೆಮಾರನ್ನು ಕೊಳ್ಳುವವರು ಆರಂಭದ ವರ್ಷಗಳ ಕೆಳಗಿನ ಮಾದರಿಗಳನ್ನು ಎಚ್ಚರದಿಂದ ನೋಡಬೇಕು, ಏಕೆಂದರೆ ಆಗ ಎಲ್ಲ ಮಾದರಿಗಳಲ್ಲೂ ಎರಡು ಏರ್‌ಬ್ಯಾಗ್ ಇರಲಿಲ್ಲ, ಹಿಂದಿನ ಎಸಿ ಕಿಂಡಿಯೂ ಇರಲಿಲ್ಲ. ಇವೆರಡೂ ಇಲ್ಲದ ನಾಲ್ಕನೆಯ ತಲೆಮಾರಿಗೆ ಎರಡು ಲಕ್ಷ ಹೆಚ್ಚು ಕೊಡಲು ನನಗೆ ಕಾರಣ ಕಾಣುವುದಿಲ್ಲ. ವ್ಯವಹಾರ ಮುಗಿದ ಮೇಲೆ ಆರ್‌ಸಿ ವರ್ಗಾವಣೆಯ ಜೊತೆಗೇ, 14 ದಿನಗಳೊಳಗೆ, ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ವಿಮೆಯ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಕಾರಿನ ಜೊತೆ ಬರುವುದಿಲ್ಲವಾದ್ದರಿಂದ, ಬ್ರೋಕರ್ ಹೇಳಿದ ಪ್ರೀಮಿಯಂಗಿಂತ ಸ್ವಲ್ಪ ಹೆಚ್ಚೇ ಕಟ್ಟಬೇಕಾಗುತ್ತದೆ.