ಟ್ಯಾಬ್‌ನಲ್ಲಿ ‘ವೈರಸ್ ಬಂದಿದೆ’ ಅಂತ ಬಂದರೆ ಯಾವ ಬಟನ್ನನ್ನೂ ಒತ್ತಬೇಡಿ

ಮನೆಯಲ್ಲಿ ಅಪ್ಪ ಅಮ್ಮನ ಕೈಗೋ ಮಕ್ಕಳ ಕೈಗೋ ಟ್ಯಾಬ್ ಕೊಟ್ಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಅಮ್ಮನಿಗೆ ಆದ ಹಾಗೆ ಇನ್ನೊಬ್ಬರಿಗೆ ಆಗಬಾರದು.

ಅಮ್ಮ ಟ್ಯಾಬ್‌ನಲ್ಲಿ ಯಾವುದೋ ಸುದ್ದಿ ಓದುತ್ತಿದ್ದರು. ಇದ್ದಕ್ಕಿದ್ದಂತೆ ಆ ಪುಟ ಹೋಗಿ ಪರದೆ ತುಂಬ ಕೆಂಪು ಬಣ್ಣ, ‘ನಿಮ್ಮ ಟ್ಯಾಬ್‌ಗೆ ವೈರಸ್ ತಗುಲಿದೆ, ಈಗಲೇ ತೆಗೆಯದಿದ್ದರೆ ಫೋಟೊಗಳೆಲ್ಲ ಅಳಿಸಿಹೋಗುತ್ತವೆ’ ಅನ್ನುವ ಬರಹ, ಕೆಳಗೆ ಸೆಕೆಂಡು ಲೆಕ್ಕ ಇಳಿಯುತ್ತಾ ಇದೆ, ಜೊತೆಗೆ ಟ್ಯಾಬ್ ಗುಂಯ್ ಅಂತ ವೈಬ್ರೇಟ್ ಆಗುತ್ತಿದೆ. ಅವರ ಟ್ಯಾಬ್‌ನ ಮಾಡೆಲ್ ಹೆಸರು ಕೂಡ ಅಲ್ಲಿ ಸರಿಯಾಗಿ ಇತ್ತು. ಅದನ್ನು ನೋಡಿಯೇ ಅವರು ನಂಬಿದ್ದು. ಮೊಮ್ಮಕ್ಕಳ ಫೋಟೊ ಎಲ್ಲ ಹೋಗುತ್ತೆ ಅಂದರೆ ಯಾರಿಗೆ ಗಾಬರಿ ಆಗಲ್ಲ? ಬಟನ್ ಒತ್ತಿದರು, ಅದು ತೋರಿಸಿದ ‘ಕ್ಲೀನರ್’ ಆಪ್ ಹಾಕಿಕೊಂಡರು, ಅದು ಕೇಳಿದ ಪರ್ಮಿಶನ್ನೆಲ್ಲ ಕೊಟ್ಟರು.

ನಿಜವಾದ ಕಾಟ ಶುರುವಾಗಿದ್ದೇ ಆಮೇಲೆ. ಟ್ಯಾಬ್ ಆನ್ ಮಾಡಿದರೆ ಜಾಹೀರಾತು, ಬೇರೆ ಯಾವ ಆಪ್ ತೆರೆದರೂ ಅದರ ಮೇಲೆ ಜಾಹೀರಾತು. ‘ಫ್ರೀ ಟ್ರಯಲ್’ ಅಂದಿದ್ದ ಆಪ್ ವಾರ ವಾರ ದುಡ್ಡು ಕತ್ತರಿಸುವ ಸಬ್‌ಸ್ಕ್ರಿಪ್ಶನ್ ಆಗಿತ್ತು. ಅಮ್ಮ ಹೆದರಿ ನನಗೆ ಹೇಳಿಯೇ ಇರಲಿಲ್ಲ, ಬ್ಯಾಂಕಿನ ಮೆಸೇಜ್ ನೋಡಿದಾಗಲೇ ಗೊತ್ತಾಗಿದ್ದು. ಇಂಥದ್ದು ಆದಾಗ ಹಿರಿಯರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಇನ್ನೂ ಮುಚ್ಚಿಡುತ್ತಾರೆ, ಅಷ್ಟರಲ್ಲಿ ಇನ್ನಷ್ಟು ದುಡ್ಡು ಹೋಗಿರುತ್ತೆ.

ಮುಖ್ಯವಾಗಿ ಗೊತ್ತಿರಬೇಕಾದದ್ದು ಇದು: ಒಂದು ವೆಬ್ ಪುಟಕ್ಕೆ ನಿಮ್ಮ ಟ್ಯಾಬ್ ಒಳಗೆ ವೈರಸ್ ಇದೆಯೋ ಇಲ್ಲವೋ ಹುಡುಕಿ ನೋಡುವ ದಾರಿಯೇ ಇಲ್ಲ. ಬೀದಿಯಲ್ಲಿ ನಿಂತವನು ನಿಮ್ಮ ಮನೆ ಬೀರುವಿನಲ್ಲಿ ಇಲಿ ಇದೆ ಅಂತ ಕೂಗಿದ ಹಾಗೆ ಅದು. ಮಾಡೆಲ್ ಹೆಸರು ಅದಕ್ಕೆ ಹೇಗೆ ಗೊತ್ತಾಯಿತು ಅಂದರೆ, ಆಂಡ್ರಾಯ್ಡ್‌ನಲ್ಲಿ ಯಾವ ವೆಬ್‌ಸೈಟ್ ಬೇಕಾದರೂ ಅದನ್ನು ಬ್ರೌಸರ್‌ನಿಂದ ತಿಳಿದುಕೊಳ್ಳಬಹುದು. ವೈಬ್ರೇಟ್ ಮಾಡಿಸುವುದೂ ಅಷ್ಟೇ, ಪುಟದಿಂದಲೇ ಆಗುತ್ತೆ. ಬರೀ ಪುಟ ಕಾಣಿಸಿತು ಅಂತ ವೈರಸ್ ಬಂದಿದೆ ಅಂದುಕೊಳ್ಳಬೇಡಿ. ಅದು ಹೇಳಿದ್ದನ್ನು ಮಾಡಿದರೇನೇ ತೊಂದರೆ.

ಅದಕ್ಕೆ ‘ಕ್ಯಾನ್ಸಲ್’ ಕೂಡ ಒತ್ತಬೇಡಿ, ಮೂಲೆಯ ಇಂಟು ಗುರುತನ್ನೂ ಮುಟ್ಟಬೇಡಿ, ಅವೂ ಆ ಪುಟದ ಭಾಗವೇ ಆಗಿರಬಹುದು. ಹೋಮ್‌ಗೆ ಹೋಗಿ, ತೆರೆದಿರುವ ಆಪ್‌ಗಳ ಪಟ್ಟಿಯಿಂದ ಬ್ರೌಸರ್ ತಳ್ಳಿ ಮುಚ್ಚಿ. ಮತ್ತೆ ತೆರೆದಾಗ ಅದೇ ಪುಟ ಬಂದರೆ ಏರೋಪ್ಲೇನ್ ಮೋಡ್ ಹಾಕಿ, ಬ್ರೌಸರ್‌ನಲ್ಲಿ ಆ ಪುಟ ಮುಚ್ಚಿ, ಬ್ರೌಸರ್ ಹಿಸ್ಟರಿ ಮತ್ತು ಡೇಟಾ ಅಳಿಸಿ. ಆ ಪುಟದಲ್ಲಿ ಫೋನ್ ನಂಬರ್ ಕೊಟ್ಟಿದ್ದರೆ ಕರೆ ಮಾಡಲೇಬೇಡಿ. ಅವರು ದೂರದಿಂದ ನಿಮ್ಮ ಪರದೆ ನೋಡುವ ಆಪ್ ಹಾಕಿಸಿ ಬ್ಯಾಂಕ್ ಖಾತೆಗೇ ಕೈ ಹಾಕುತ್ತಾರೆ.

ಪುಟ ಮುಚ್ಚಿದ ಮೇಲೂ ವೈರಸ್ ಎಚ್ಚರಿಕೆ ಬರುತ್ತಲೇ ಇದ್ದರೆ ಅದು ಬಹುಪಾಲು ನೋಟಿಫಿಕೇಶನ್ ಕೆಲಸ. ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಅಂತ ಕೆಲವು ಸೈಟ್‌ಗಳು ಕೇಳುತ್ತವೆ ಅಲ್ವಾ, ಅಲ್ಲಿ ಸುಮ್ನೆ ಒತ್ತಿದ್ದು ಆಮೇಲೆ ದಿನವಿಡೀ ಕಾಡುತ್ತೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಗೊತ್ತಿಲ್ಲದ ಹೆಸರುಗಳನ್ನೆಲ್ಲ ಬ್ಲಾಕ್ ಮಾಡಿ. ಐಪ್ಯಾಡ್‌ನಲ್ಲಿ ಇದೇ ಮೋಸ ಕ್ಯಾಲೆಂಡರ್ ಮೂಲಕ ಬರುತ್ತೆ. ಆ ಎಚ್ಚರಿಕೆಯನ್ನು ಕ್ಯಾಲೆಂಡರ್ ಆಪ್‌ನಲ್ಲಿ ತೆರೆದರೆ ಕೆಳಗೆ ಅನ್‌ಸಬ್‌ಸ್ಕ್ರೈಬ್ ಅಂತ ಇರುತ್ತೆ, ಒಳಗಿರುವ ಲಿಂಕ್ ಮಾತ್ರ ಮುಟ್ಟಬೇಡಿ.

ಅಮ್ಮನ ಟ್ಯಾಬ್‌ನಲ್ಲಿ ಆ ಆಪ್ ತೆಗೆಯೋಕೇ ಆಗಲಿಲ್ಲ, ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿತ್ತು. ಡಿವೈಸ್ ಅಡ್ಮಿನ್, ಅಂದರೆ ಟ್ಯಾಬನ್ನೇ ಹಿಡಿತದಲ್ಲಿಟ್ಟುಕೊಳ್ಳುವ ಅಧಿಕಾರವನ್ನೂ ಅದು ತೆಗೆದುಕೊಂಡಿತ್ತು. ನಾವು ಹಾಕಿಕೊಂಡ ಆಪ್‌ಗಳು ಓಡದ ಸೇಫ್ ಮೋಡ್‌ನಲ್ಲಿ ಟ್ಯಾಬ್ ಆನ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಅಡ್ಮಿನ್ ಆಪ್ಸ್ ಅಂತ ಹುಡುಕಿ, ಆ ಅಧಿಕಾರ ಕಿತ್ತುಕೊಂಡ ಮೇಲೆ ಹೋಯಿತು. ಆದರೆ ಆಪ್ ಹೋದರೆ ಸಬ್‌ಸ್ಕ್ರಿಪ್ಶನ್ ಹೋಗಲ್ಲ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಶನ್ಸ್ ಒಳಗೆ ಹೋಗಿ ಅದನ್ನು ಬೇರೆಯಾಗಿ ರದ್ದು ಮಾಡಬೇಕು. ಹೋದ ದುಡ್ಡಿಗೆ ರೀಫಂಡ್ ಕೇಳುವುದನ್ನೂ ಬಿಡಬೇಡಿ, ತಡ ಮಾಡಿದಷ್ಟೂ ಸಿಗೋದು ಕಷ್ಟ. ನಿಮ್ಮ ಅಪ್ಪ ಅಮ್ಮನ ಟ್ಯಾಬ್‌ನಲ್ಲೂ ಆ ಸಬ್‌ಸ್ಕ್ರಿಪ್ಶನ್ ಪಟ್ಟಿ ಒಂದು ಸಲ ತೆರೆದು ನೋಡಿ, ಅವರು ಏನೂ ಹೇಳದೆ ಇದ್ದರೂ.