ಸಂಖ್ಯಾಶಾಸ್ತ್ರದ ಮೊದಲ ಪಾಠಗಳಿಗೆ ಲಿಬ್ರೆಆಫೀಸ್ ಕ್ಯಾಲ್ಕ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಕೋಲಾರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರದ ಆರಂಭಿಕ ಪಾಠಗಳನ್ನು ಹೇಳಿಕೊಡುವಾಗ ಹಲವು ವರ್ಷಗಳಿಂದ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಇದು ಉಚಿತ, ಒಮ್ಮೆ ಅಳವಡಿಸಿಕೊಂಡರೆ ಇಂಟರ್‌ನೆಟ್ ಬೇಕಿಲ್ಲ, ಎಕ್ಸೆಲ್ ಕಡತಗಳನ್ನೂ ತೆರೆಯುತ್ತದೆ. ಆದರೆ ನನಗೆ ಹಿಡಿಸಿರುವ ಗುಣ ಬೇರೆ. ದತ್ತಾಂಶವೂ ಸೂತ್ರವೂ ವಿದ್ಯಾರ್ಥಿಯ ಕಣ್ಣೆದುರೇ ಇರುವುದರಿಂದ, ಒಂದು ಕೋಶದ (ಸೆಲ್‌ನ) ಅಂಕಿಯನ್ನು ಬದಲಿಸಿ ಉತ್ತರ ಎಷ್ಟು ಕದಲಿತು, ಏಕೆ ಕದಲಿತು ಎಂದು ಅಲ್ಲೇ ಕೇಳಬಹುದು.

ನಮ್ಮ ಊರಿನಲ್ಲಿ ಅಭ್ಯಾಸಕ್ಕೆ ಅಂಕಿಗಳ ಬರವಿಲ್ಲ. ಕೋಲಾರ ಎಪಿಎಂಸಿಯ ಟೊಮೆಟೊ ಧಾರಣೆ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಕ್ವಿಂಟಲ್ ಲೆಕ್ಕದಲ್ಲಿ ಸಿಗುತ್ತದೆ; ಮಂಡಿಯಲ್ಲಿ ಮಾತ್ರ ಎಲ್ಲರೂ ಮಾತನಾಡುವುದು 15 ಕೆ.ಜಿ. ಬಾಕ್ಸಿನ ಬೆಲೆಯನ್ನು. ಹೀಗಾಗಿ ಮೊದಲ ಅಭ್ಯಾಸವೇ ಒಂದು ಅಂಕಣವನ್ನು 0.15ರಿಂದ ಗುಣಿಸುವುದು. ಸರಾಸರಿಯೂ, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಮಾನಕ ವಿಚಲನೆಯೂ ಅದೇ 0.15 ಪಟ್ಟಿಗೆ ತಗ್ಗುತ್ತವೆ, ಮಾನಕ ವಿಚಲನೆಯ ವರ್ಗವಾದ ಪ್ರಸರಣ ಮಾತ್ರ 0.15ರ ವರ್ಗವಾದ 0.0225 ಪಟ್ಟಿಗೆ ತಗ್ಗುತ್ತದೆ ಎಂಬುದನ್ನು ಹಲಗೆಯ ಮೇಲೆ ಸಾಧಿಸಿ ತೋರಿಸಿದ್ದಕ್ಕಿಂತ ಹೀಗೆ ಕಂಡಾಗ ಮಕ್ಕಳು ಬೇಗ ಒಪ್ಪುತ್ತಾರೆ.

2023ರ ಜುಲೈನಲ್ಲಿ ಇಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು 200, 220, 240, 260, 280, 300, 2,000 ಎಂಬ ಏಳು ಕಲ್ಪಿತ ಬೆಲೆಗಳನ್ನು ಕೊಡುತ್ತೇನೆ. ಆವರೇಜ್ ಸೂತ್ರ 500 ಎನ್ನುತ್ತದೆ, ಏರಿಕೆಯ ಕ್ರಮದಲ್ಲಿ ನಟ್ಟನಡುವಿನ ಬೆಲೆಯಾದ ಮಧ್ಯಾಂಕವನ್ನು ಕೊಡುವ ಮೀಡಿಯನ್ ಸೂತ್ರ 260 ಎನ್ನುತ್ತದೆ. ಏಳರಲ್ಲಿ ಆರು ಬೆಲೆಗಳು 300ನ್ನು ದಾಟದಿರುವಾಗ 500 ಯಾರ ಬೆಲೆ ಎಂಬ ಪ್ರಶ್ನೆ ತರಗತಿಯಿಂದಲೇ ಏಳುತ್ತದೆ. ಮಧ್ಯಾಂಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ. ಅತಿ ಹೆಚ್ಚು ಸಲ ಬರುವ ಬೆಲೆಯಾದ ಬಹುಲಕದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಅದನ್ನು ಹುಡುಕುವ ಮೋಡ್ ಸೂತ್ರ, ಎರಡು ಬೆಲೆಗಳು ಸಮನಾಗಿ ಮರುಕಳಿಸಿದರೆ ಚಿಕ್ಕದನ್ನಷ್ಟೇ ಹೇಳಿ ಸುಮ್ಮನಾಗುತ್ತದೆ, ಯಾವುದೂ ಮರುಕಳಿಸದಿದ್ದರೆ ದೋಷ ತೋರಿಸುತ್ತದೆ.

ಆರಂಭಿಕರು ಹೆಚ್ಚು ಎಡವುವುದು ಖಾಲಿ ಕೋಶದಲ್ಲಿ. ಮಾರುಕಟ್ಟೆಗೆ ರಜೆಯಿದ್ದ ದಿನ ಬೆಲೆ ಸೊನ್ನೆಯಲ್ಲ, ಬೆಲೆಯೇ ಇಲ್ಲ. 300, 320, 310, 330ರ ನಡುವೆ ಒಂದು ಕೋಶವನ್ನು ಖಾಲಿ ಬಿಟ್ಟರೆ ಕ್ಯಾಲ್ಕ್ ಅದನ್ನು ಎಣಿಸದೆ 315 ಎಂಬ ಸರಾಸರಿ ಕೊಡುತ್ತದೆ. ಅಲ್ಲಿ 0 ತುಂಬಿದರೆ ಉತ್ತರ 252ಕ್ಕೆ ಇಳಿಯುತ್ತದೆ. ತಂತ್ರಾಂಶ ಎರಡನ್ನೂ ಒಂದೇ ನಿರಾಳತೆಯಿಂದ ಹೇಳುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಮಾನಕ ವಿಚಲನೆಯಲ್ಲೂ ಹಾಗೆಯೇ: ಹೆಸರಿನ ಕೊನೆಯಲ್ಲಿ ಎಸ್ ಇರುವ ಸೂತ್ರ ಮಾದರಿಗೆಂದು (ಪೂರ್ತಿ ಗುಂಪಿನಿಂದ ಆಯ್ದ ಒಂದು ಭಾಗಕ್ಕೆಂದು) ಎಣಿಕೆಗಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸುತ್ತದೆ, ಪಿ ಇರುವುದು ಇಡೀ ಸಮಷ್ಟಿಗೆಂದು (ಪೂರ್ತಿ ಗುಂಪಿಗೆಂದು) ಪೂರ್ಣ ಎಣಿಕೆಯಿಂದ ಭಾಗಿಸುತ್ತದೆ. ಕೈಯಲ್ಲಿರುವುದು ಒಂದು ತಿಂಗಳ ಮಾದರಿಯೋ ಇಡೀ ವರ್ಷದ ದಾಖಲೆಯೋ ಎಂದು ತೀರ್ಮಾನಿಸಬೇಕಾದವರು ನಾವೇ.

ಚಿತ್ರಗಳ ವಿಭಾಗ ನನಗೆ ಅಷ್ಟು ತೃಪ್ತಿ ಕೊಟ್ಟಿಲ್ಲ. ನಾನು ಬಳಸಿದ ಆವೃತ್ತಿಗಳಲ್ಲಿ ದತ್ತಾಂಶವನ್ನು ನಾಲ್ಕು ಸಮಪಾಲು ಮಾಡುವ ಚತುರ್ಥಕಗಳನ್ನು ತೋರಿಸುವ ಬಾಕ್ಸ್ ಪ್ಲಾಟ್ ಸಿದ್ಧರೂಪದಲ್ಲಿ ಇರಲಿಲ್ಲ. ಹಿಸ್ಟೋಗ್ರಾಮ್ ಬೇಕಿದ್ದರೆ ಬೆಲೆಗಳ ವ್ಯಾಪ್ತಿಯನ್ನು ವರ್ಗಾಂತರಗಳೆಂಬ ತುಂಡುಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ಎಷ್ಟು ಬೆಲೆಗಳಿವೆ ಎಂದು ಫ್ರೀಕ್ವೆನ್ಸಿ ಸೂತ್ರದಿಂದ ಎಣಿಸಿ, ಸ್ತಂಭಚಿತ್ರ ಬರೆದು, ಸ್ತಂಭಗಳ ನಡುವಿನ ಅಂತರವನ್ನು ಸೊನ್ನೆ ಮಾಡಬೇಕಿತ್ತು. ಕಲಿಯುವವರಿಗೆ ಈ ಬಳಸುದಾರಿ ಒಂದು ಬಗೆಯಲ್ಲಿ ಒಳ್ಳೆಯದೇ, ಏಕೆಂದರೆ ವರ್ಗಾಂತರದ ಅಗಲ ಬದಲಾದರೆ ಚಿತ್ರದ ಆಕಾರವೂ ಬದಲಾಗುತ್ತದೆ ಎಂಬುದು ಕೈಯಾರೆ ಮಾಡಿದಾಗಲೇ ಗೊತ್ತಾಗುವುದು. ಪರೀಕ್ಷೆ ಹತ್ತಿರವಿರುವಾಗ ಮಾತ್ರ ಅದಕ್ಕೆ ತಾಳ್ಮೆ ಸಾಲುವುದಿಲ್ಲ.

ಡೇಟಾ ಮೆನುವಿನ ಸ್ಟ್ಯಾಟಿಸ್ಟಿಕ್ಸ್ ವಿಭಾಗದಲ್ಲಿ ಸಹಸಂಬಂಧ (ಕೋರಿಲೇಷನ್), ಹಿಂಚಲನೆ (ರಿಗ್ರೆಷನ್), ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆಯಂಥ ಮುಂದಿನ ಹಂತದ ವಿಧಾನಗಳೆಲ್ಲವೂ ಇವೆ. ಮೊದಲ ವರ್ಷದವರಿಗೆ ಅದನ್ನು ತಡವಾಗಿ ತೋರಿಸುವುದೇ ಲೇಸು. ಒಂದೇ ಒತ್ತಿಗೆ ಹತ್ತಾರು ಅಳತೆಗಳ ಕೋಷ್ಟಕ ಬಂದುಬಿಟ್ಟರೆ ಯಾವುದನ್ನು ಓದಬೇಕೆಂಬ ವಿವೇಚನೆ ಬೆಳೆಯುವುದಿಲ್ಲ. ಪದವಿಯ ಮೊದಲೆರಡು ವರ್ಷಗಳಿಗೆ ಈ ತಂತ್ರಾಂಶ ಧಾರಾಳವಾಗಿ ಸಾಕು. ಲಕ್ಷಾಂತರ ಸಾಲುಗಳ ದತ್ತಾಂಶವನ್ನು ಮತ್ತೆ ಮತ್ತೆ ವಿಶ್ಲೇಷಿಸುವ ಕೆಲಸವಿರುವವರು ನೇರವಾಗಿ ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆಂದೇ ಇರುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಹೋಗುವುದು ಒಳ್ಳೆಯದು.